ನೆನಪು ಪ್ರಮಾಣವೆ?

ತಂದೆತಾಯಿ ತೀರಿಕೊಂಡ ಮನೆಗೆ ಬಂದವರು ಹೊರಡುವಾಗ ಹೇಳುವ ಮಾತು ಸಾಮಾನ್ಯವಾಗಿ ಒಂದೇ: ‘ಇನ್ನು ನೆನಪು ಮಾತ್ರ.’ ಸಮಾಧಾನಕ್ಕಾಗಿ ಹೇಳುತ್ತಾರೆ, ತಪ್ಪಲ್ಲ. ಆದರೆ ನೆನಪನ್ನು ಅಷ್ಟು ಹಗುರವಾಗಿ ಕಾಣಬಹುದೇ ಎಂಬ ಬಗ್ಗೆ ನಮ್ಮ ದಾರ್ಶನಿಕರು ಶತಮಾನಗಳ ಕಾಲ ಜಗಳವಾಡಿದ್ದಾರೆ. ಆ ಜಗಳದಲ್ಲಿ ನೆನಪಿನ ಪರ ವಕಾಲತ್ತು ವಹಿಸಿದವರು ನಮ್ಮ ಉಡುಪಿಯವರು.

ನೈಯಾಯಿಕರ ನಿಲುವು ಬಿಗಿಯಾದದ್ದು. ಅನುಭವವೊಂದು ಮುಗಿದ ಮೇಲೆ ಒಳಗೊಂದು ಸಂಸ್ಕಾರ ಉಳಿಯುತ್ತದೆ. ಅದು ಎಚ್ಚೆತ್ತಾಗ ಹುಟ್ಟುವುದು ಸ್ಮೃತಿ. ಸ್ಮೃತಿ ನಿಜವೂ ಇರಬಹುದು, ಸುಳ್ಳೂ ಇರಬಹುದು. ನಿಜವಾಗಿದ್ದರೂ ಅದಕ್ಕೆ ಪ್ರಮೆಯ, ಎಂದರೆ ಖಚಿತ ಅರಿವಿನ, ಪಂಕ್ತಿಯಲ್ಲಿ ಎಲೆ ಇಲ್ಲ. ಅದರ ಸತ್ಯ ಹಿಂದಿನ ಅನುಭವದಿಂದ ಸಾಲ ತಂದದ್ದು ಎಂಬುದು ಕಾರಣ. ಭಾಟ್ಟ ಮೀಮಾಂಸಕರೂ ಗೊತ್ತಿಲ್ಲದ್ದನ್ನು ತಿಳಿಸಿದರೆ ಮಾತ್ರ ಪ್ರಮಾಣ ಎಂದು ನೆನಪನ್ನು ಹೊರಗಿಟ್ಟರು.

ಮಧ್ವಾಚಾರ್ಯರು ಈ ಹೊಸತನದ ಷರತ್ತನ್ನೇ ತೆಗೆದುಹಾಕಿದರು. ಅವರು ಹುಟ್ಟಿದ ಪಾಜಕ ನಮ್ಮ ಶಂಕರಪುರಕ್ಕೆ ತೀರ ಹತ್ತಿರ. ಮಧ್ವರ ಪ್ರಕಾರ ವಿಷಯ ಹೇಗಿದೆಯೋ ಹಾಗೆಯೇ ಅದನ್ನು ಹಿಡಿಯುವುದು ಪ್ರಮಾಣ. ಮೊದಲ ಸಲವೋ ನೂರನೇ ಸಲವೋ ಎಂಬ ಲೆಕ್ಕ ಬೇಕಿಲ್ಲ. ಇಲ್ಲದ ವಸ್ತುವನ್ನು ಕಾಣುವ ನೆನಪು ನಿಜ ಹೇಗಾದೀತು ಎಂಬ ಆಕ್ಷೇಪಕ್ಕೆ ದ್ವೈತಿಗಳ ಉತ್ತರ ಸರಳ: ನೆನಪು ‘ಇದೆ’ ಎನ್ನುವುದಿಲ್ಲವಲ್ಲ, ‘ಇತ್ತು’ ಎನ್ನುತ್ತದೆ. ಇದ್ದದ್ದೂ ಹೌದು. ಹದಿನಾಲ್ಕನೇ ಶತಮಾನದ ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ಇನ್ನೂ ಮುಂದೆ ಹೋಗಿ ನೆನಪನ್ನು ಮನಸ್ಸಿನ ಪ್ರತ್ಯಕ್ಷವೆಂದೇ ಎಣಿಸಿದರು. ಕಣ್ಣಿಗೆ ವಸ್ತುವಿನ ಸಂಪರ್ಕ ಬೇಕಾದಂತೆ ಮನಸ್ಸಿಗೆ ಕಳೆದುಹೋದದ್ದರ ಸಂಪರ್ಕ ಸಂಸ್ಕಾರದ ಮೂಲಕ ಒದಗುತ್ತದೆ. ಜೈನ ತಾರ್ಕಿಕ ಅಕಲಂಕನೂ ಸ್ಮೃತಿಯನ್ನು ಪ್ರಮಾಣಗಳ ಸಾಲಿಗೆ ಸೇರಿಸಿದ್ದ, ಆದರೆ ಪರೋಕ್ಷದ ಕಡೆಗೆ. ಕೃಷ್ಣಮಠದ ಊರೂ ಬಾಹುಬಲಿಯ ಕಾರ್ಕಳವೂ ಈ ಒಂದು ವಿಷಯದಲ್ಲಾದರೂ ಹತ್ತಿರ ಬಂದವು ಎಂದು ನಾನು ಖುಷಿಪಡುವುದುಂಟು.

ಶಾಸ್ತ್ರದ ಈ ಮಾತು ನನಗೆ ಅರ್ಥವಾದದ್ದು ಮಲ್ಲಿಗೆ ತೋಟದಲ್ಲಿ. ನಮ್ಮಲ್ಲಿ ಮೊಗ್ಗು ಕೊಯ್ಯುವುದು ಬೆಳಿಗ್ಗೆ, ಬಿಸಿಲೇರುವ ಮೊದಲು. ಹಕ್ಕಿಗಳ ಹೊತ್ತೂ ಅದೇ. ಅಮ್ಮ ಗಿಡದಿಂದ ತಲೆ ಎತ್ತದೆ ಕೂಗು ಕೇಳಿಯೇ ಹೆಸರು ಹೇಳುತ್ತಿದ್ದಳು: ಮಡಿವಾಳ ಹಕ್ಕಿ, ಕುಟ್ರುಹಕ್ಕಿ, ಪಿಕಳಾರ. ಅಪ್ಪ ಕೊಯ್ಯುವುದನ್ನು ಬಿಟ್ಟು ನೋಡಲು ಓಡುತ್ತಿದ್ದ. ಕಟ್ಟಿ ಮುಗಿಯುವುದು ತಡವಾದರೆ ಇಬ್ಬರಿಗೂ ಅದೇ ಮಾತಿನ ಚಕಮಕಿ. ಎಂಟುನೂರು ಹೂವಿನ ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆನಾರು ಹಿಡಿದು ಕೂತವರಿಗೆ ಹಕ್ಕಿ ಹುಚ್ಚಿನವರು ಸಹಾಯಕ್ಕೆ ಬರುವುದಿಲ್ಲ.

ಚಳಿಗಾಲ ಶುರುವಾಗುವಾಗ ಕರಾವಳಿಗೆ ನವರಂಗ ಬರುತ್ತದೆ. ಉತ್ತರದಲ್ಲಿ ಮರಿಮಾಡಿ ರಾತ್ರಿ ಹಾರುತ್ತಾ ದಕ್ಷಿಣಕ್ಕಿಳಿಯುವ ಹಕ್ಕಿ. ಒಣಗಿದ ತರಗೆಲೆ ಕೆದಕಿ ಹುಳ ಹುಡುಕುತ್ತದೆ. ಮುಂಜಾನೆ, ಮುಸ್ಸಂಜೆ ಎರಡು ಸ್ವರದ ಸಿಳ್ಳೆ ಹಾಕುತ್ತದೆ. ಸಿಳ್ಳೆ ಕೇಳಿ ‘ನವರಂಗ’ ಎಂದು ಹೇಳಬೇಕಾದರೆ ಆ ಸಿಳ್ಳೆಗೂ ಆ ಹಕ್ಕಿಗೂ ಇರುವ ನಂಟು ನೆನಪಿರಬೇಕು. ಎಂದರೆ ಅನುಮಾನ ಪ್ರಮಾಣವೇ ನೆನಪಿನ ಮೇಲೆ ನಿಂತಿದೆ. ನೆನಪನ್ನು ನಂಬದವರು ಹೊಗೆ ಕಂಡು ಬೆಂಕಿಯನ್ನೂ ಊಹಿಸಲಾರರು.

ಅಮ್ಮ ಅಪ್ಪ ಇಬ್ಬರೂ ಹೋದ ಮೇಲೆ ಶ್ರಾದ್ಧದ ದಿನ ಕಾಗೆಗೆ ಅನ್ನವಿಟ್ಟು ಕಾದಾಗ ಬರದ ಅಳು, ಹಲಸಿನ ಬುಡದಿಂದ ಆ ಸಿಳ್ಳೆ ಬಂದಾಗ ಬಂತು. ಇದಕ್ಕೂ ಶಾಸ್ತ್ರದಲ್ಲಿ ಕಾರಣವಿದೆ, ಅದೂ ನೆನಪಿಗೆ ಪದವಿ ಕೊಡದ ನ್ಯಾಯಶಾಸ್ತ್ರದಲ್ಲೇ. ಸಂಸ್ಕಾರವನ್ನು ಎಬ್ಬಿಸುವ ಸಂಗತಿಗಳ ಉದ್ದ ಪಟ್ಟಿಯನ್ನು ಗೌತಮರ ನ್ಯಾಯಸೂತ್ರದ ಮೂರನೇ ಅಧ್ಯಾಯ ಕೊಡುತ್ತದೆ. ಸಾದೃಶ್ಯ, ಅಭ್ಯಾಸ, ಸುಖ, ದುಃಖ, ಭಯ ಎಲ್ಲ ಅದರಲ್ಲಿವೆ. ವಿಯೋಗವಿದೆ. ಏಕಕಾರ್ಯವೂ ಇದೆ: ಒಂದೇ ಕೆಲಸದಲ್ಲಿ ಜತೆಯಾದವರಲ್ಲಿ ಒಬ್ಬರನ್ನು ಕಂಡರೆ ಇನ್ನೊಬ್ಬರು ನೆನಪಾಗುತ್ತಾರೆ. ಶ್ರಾದ್ಧದ ಕಾಗೆಗಿಂತ ಜತೆಯಾಗಿ ನೋಡಿದ ಹಕ್ಕಿ ಹೆಚ್ಚು ಕಾಡುವುದು ಭಕ್ತಿಯ ಕೊರತೆಯಿಂದಲ್ಲ.

ಪ್ರಮಾಣ ಎಂದು ಒಪ್ಪಿಕೊಂಡರೆ ಒಂದು ಹೊಣೆಯೂ ಬೆನ್ನಿಗೇರುತ್ತದೆ, ನನಗೆ ಮುಖ್ಯವಾಗಿ ಕಾಣುವುದು ಅದು. ಯಥಾರ್ಥವಾದ ನೆನಪಿಗೆ ಮಾತ್ರ ಮಧ್ವರು ಆ ಪದವಿ ಕೊಟ್ಟದ್ದು. ಸತ್ತವರನ್ನು ನಾವು ಬೇಗ ದೇವರ ಪಟದಷ್ಟು ನುಣುಪು ಮಾಡುತ್ತೇವೆ; ಅದು ಸ್ಮೃತಿಯಲ್ಲ, ಕಲ್ಪನೆ. ಅಪ್ಪನ ಹಳೆಯ ನೋಟ್‌ಬುಕ್ಕಿನಲ್ಲಿ ನವರಂಗದ ಎದುರು ಒಂದೆಡೆ ‘ಕೇಳಿದ್ದು, ಕಂಡದ್ದಲ್ಲ’ ಎಂದಿದೆ. ಕೆಳಗೆ ಅಮ್ಮನ ದುಂಡು ಅಕ್ಷರ: ‘ನಾನು ಕಂಡಿದ್ದೇನೆ.’ ಅಪ್ಪ ಅದನ್ನು ಹೊಡೆದುಹಾಕಲಿಲ್ಲ, ಒಪ್ಪಲೂ ಇಲ್ಲ. ಪಕ್ಕದಲ್ಲೊಂದು ಪ್ರಶ್ನೆಚಿಹ್ನೆ ಹಾಕಿಟ್ಟ. ಅವನ ಹಟ, ಅವಳ ಬಿಡದ ಮಾತು ಎರಡೂ ಆ ಪುಟದಲ್ಲಿ ಇದ್ದ ಹಾಗೇ ಇವೆ. ಫೋಟೋಗೆ ಹಾರ ಹಾಕುವಾಗ ಇದನ್ನು ಮರೆತರೆ ನಾನು ಬೇರೆ ಯಾರಿಗೋ ಹಾರ ಹಾಕಿದಂತೆ.

ಅಪ್ಪ ಅಮ್ಮನ ಜತೆ ಹಕ್ಕಿ ನೋಡಿದವರು ನಿಮ್ಮಲ್ಲೂ ಇರಬಹುದು. ಒಂದು ಹಕ್ಕಿಯ ಹೆಸರು, ಯಾವ ತಿಂಗಳು, ಯಾವ ಮರ, ಆಗ ಯಾರು ಯಾರಿಗೆ ಏನೆಂದರು, ಇಷ್ಟನ್ನು ಬರೆದಿಡಿ. ಖಚಿತವಿಲ್ಲದ ಕಡೆ ಪ್ರಶ್ನೆಚಿಹ್ನೆ ಹಾಕಿ.