ಪಕ್ಷಿಚಿತ್ರಗಳ ಸಂಗ್ರಹ ಮತ್ತು ಪರಿಗ್ರಹ ಪರಿಮಾಣವ್ರತ

ಪರಿಗ್ರಹವೆಂದೊಡನೆ ಶ್ರಾವಕನ ಮನಸ್ಸು ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯಗಳ ಕಡೆಗೆ ಹರಿಯುತ್ತದೆ. ಪರಿಮಾಣವ್ರತವನ್ನು ಸ್ವೀಕರಿಸುವವನು ಇಷ್ಟು ಎಕರೆ, ಇಷ್ಟು ತೊಲ ಎಂದು ಮಿತಿಯನ್ನು ಗೊತ್ತುಮಾಡಿಕೊಳ್ಳುತ್ತಾನೆ. ಆದರೆ ನಾಣ್ಯ, ಅಂಚೆಚೀಟಿ, ಹಳೆಯ ಚಿತ್ರ ಮೊದಲಾದವುಗಳ ಸಂಗ್ರಹವು ಸಭ್ಯವಾದ ಹವ್ಯಾಸವೆಂದು ಎಣಿಸಲ್ಪಡುವುದರಿಂದ ವ್ರತದ ಪಟ್ಟಿಯಿಂದ ಜಾರಿಹೋಗುತ್ತದೆ. ಇವುಗಳಲ್ಲಿ ಕೈಯಿಂದ ಬಣ್ಣ ತುಂಬಿದ ಹಳೆಯ ಪಕ್ಷಿಚಿತ್ರಗಳ ಸಂಗ್ರಹವು ವಿಶೇಷವಾಗಿ ವಿಚಾರಾರ್ಹವಾದುದು. ಅದರಲ್ಲಿ ಅಹಿಂಸೆ ಮತ್ತು ಅಪರಿಗ್ರಹಗಳೆರಡರ ಪ್ರಶ್ನೆಯೂ ಒಟ್ಟಿಗೆ ಏಳುತ್ತದೆ.

ವರ್ಣಮುದ್ರಣವು ಬಳಕೆಗೆ ಬರುವುದಕ್ಕೆ ಮುಂಚೆ ಯುರೋಪಿನಲ್ಲಿ ಪಕ್ಷಿಗಳ ಚಿತ್ರವನ್ನು ತಾಮ್ರದ ತಗಡಿನ ಮೇಲೆ ಕೆತ್ತಿ ಅಥವಾ ಕಲ್ಲಚ್ಚಿನಲ್ಲಿ ಬರೆದು ಕಪ್ಪುಮಸಿಯಲ್ಲಿ ಅಚ್ಚುಹಾಕುತ್ತಿದ್ದರು. ಬಳಿಕ ಕೆಲಸಗಾರರು ಮಾದರಿಯೊಂದನ್ನು ಮುಂದಿಟ್ಟುಕೊಂಡು ಒಂದೊಂದು ಹಾಳೆಗೂ ಜಲವರ್ಣವನ್ನು ತುಂಬುತ್ತಿದ್ದರು. ಅಮೆರಿಕದ ಜಾನ್ ಜೇಮ್ಸ್ ಆಡುಬಾನನ ‘ಅಮೆರಿಕದ ಪಕ್ಷಿಗಳು’ ಎಂಬ ಗ್ರಂಥವು 1827ರಿಂದ 1838ರವರೆಗೆ ಕಂತುಕಂತಾಗಿ ಹೊರಬಂದಿತು. ಕೆತ್ತನೆಯು ಎಡಿನ್‌ಬರೋದಲ್ಲಿ ಆರಂಭವಾಗಿ ಲಂಡನ್ನಿನ ರಾಬರ್ಟ್ ಹ್ಯಾವೆಲನ ಕೈಯಲ್ಲಿ ಪೂರ್ಣಗೊಂಡಿತು. ಮೂರು ಅಡಿಗೂ ಮಿಕ್ಕ ಎತ್ತರದ ಹಾಳೆಗಳು, ಒಟ್ಟು 435 ಚಿತ್ರಗಳು, ಪಕ್ಷಿಗಳೆಲ್ಲವೂ ತಮ್ಮ ಸಹಜ ಗಾತ್ರದಲ್ಲಿ! ಇದರ ಒಂದು ಪೂರ್ಣ ಪ್ರತಿಯು 2010ರ ಡಿಸೆಂಬರಿನಲ್ಲಿ ಲಂಡನ್ನಿನ ಹರಾಜಿನಲ್ಲಿ 73 ಲಕ್ಷ ಪೌಂಡುಗಳಿಗೂ ಹೆಚ್ಚಿಗೆ ಮಾರಾಟವಾಯಿತು. ಇಂತಹ ಗ್ರಂಥಗಳ ಹೊಲಿಗೆ ಬಿಚ್ಚಿ ಹಾಳೆಗಳನ್ನು ಬಿಡಿಬಿಡಿಯಾಗಿ ಮಾರುವುದೂ ಉಂಟು. ಸಂಗ್ರಾಹಕರ ಕೈಸೇರುವ ಎಷ್ಟೋ ಚಿತ್ರಗಳು ಹೀಗೆ ಒಡೆದ ಗ್ರಂಥಗಳವು.

ಮೊದಲನೆಯ ಪ್ರಶ್ನೆ ಹಿಂಸೆಯದು. ಆಡುಬಾನನು ಪಕ್ಷಿಗಳನ್ನು ಗುಂಡಿಟ್ಟು ಕೊಂದು, ತಂತಿಗಳಿಂದ ಹಲಗೆಗೆ ಬಿಗಿದು, ಜೀವಂತವಾಗಿರುವಂತೆ ನಿಲ್ಲಿಸಿ ಬರೆಯುತ್ತಿದ್ದನು. ಲಂಡನ್ನಿನ ಜಾನ್ ಗೂಲ್ಡನು 1831ರ ಸುಮಾರಿಗೆ ಹಿಮಾಲಯದ ಪಕ್ಷಿಗಳ ಚಿತ್ರಗಳನ್ನು ಪ್ರಕಟಿಸಿದನು. ಅವನ ಪತ್ನಿ ಎಲಿಜಬೆತ್ ಅವುಗಳನ್ನು ಕಲ್ಲಿನ ಮೇಲೆ ಬರೆದಳು. ಆ ಪಕ್ಷಿಗಳು ಲಂಡನ್ನಿಗೆ ಬಂದುದು ಚರ್ಮಗಳ ರೂಪದಲ್ಲಿ. ಅದೇ ಕಾಲದಲ್ಲಿ ಎಡ್ವರ್ಡ್ ಲಿಯರ್ ಎಂಬ ತರುಣನು ಜೀವಂತ ಗಿಳಿಗಳನ್ನೇ ನೋಡಿ 42 ಚಿತ್ರಗಳನ್ನು ರಚಿಸಿದನು. ಇವನು ಉಳಿದವರಿಗಿಂತ ದಯಾಳುವೆಂದು ತೋರಬಹುದು. ಆದರೆ ಆ ಗಿಳಿಗಳು ಬಂಧನದಲ್ಲಿದ್ದವು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧವೇ ಮೊದಲನೆಯದೆಂಬುದನ್ನು ಶ್ರಾವಕರು ಬಲ್ಲರು.

ಹಾಗಾದರೆ ಇಂದು ಆ ಹಾಳೆಯನ್ನು ಕೊಳ್ಳುವವನಿಗೆ ಆ ಪಾಪದಲ್ಲಿ ಪಾಲಿದೆಯೇ? ಹಿಂಸೆಯು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆ. ಸುಮಾರು ಇನ್ನೂರು ವರ್ಷಗಳ ಹಿಂದೆ ಸತ್ತ ಹಕ್ಕಿಯನ್ನು ಇವನು ಕೊಂದಿಲ್ಲ, ಕೊಲ್ಲಿಸಿಯೂ ಇಲ್ಲ. ಉಳಿಯುವುದು ಅನುಮೋದನೆ, ಎಂದರೆ ಭಾವದ ಪ್ರಶ್ನೆ. ಜನ್ನನ ‘ಯಶೋಧರ ಚರಿತೆ’ಯನ್ನು ಇಲ್ಲಿ ನೆನೆಯಬೇಕು. ತಾಯಿಯ ಒತ್ತಾಯಕ್ಕೆ ಮಣಿದು ಯಶೋಧರನು ಬಲಿಗೊಟ್ಟುದು ಹಿಟ್ಟಿನ ಕೋಳಿ. ಆದರೂ ಕೊಲ್ಲುವ ಸಂಕಲ್ಪವು ಅವನನ್ನು ಭವಭವಗಳಲ್ಲಿ ತೊಳಲಿಸಿತು. ಪಕ್ಷಿಯ ಆಕೃತಿಯೊಂದರ ಮುಂದೆ ನಿಂತವನನ್ನು ಕಟ್ಟುವುದು ಅವನ ಪರಿಣಾಮವೇ ಹೊರತು ಆಕೃತಿಯಲ್ಲ. ಈ ನ್ಯಾಯದಂತೆ, ಸತ್ತ ಹಕ್ಕಿಯ ಚಿತ್ರವನ್ನು ಕರುಣೆಯಿಂದಲೂ ಜೀವರಾಶಿಯ ವೈಚಿತ್ರ್ಯದ ಅರಿವಿನಿಂದಲೂ ನೋಡುವವನಿಗೆ ಬೇಟೆಗಾರನ ಪಾಪವು ಅಂಟದು.

ಅಪಾಯವಿರುವುದು ಬೇರೆ ಕಡೆಯಲ್ಲಿ. ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನಲ್ಲಿ ಉಂಟಾಗುವ ಮೂರ್ಛೆ ಎಂಬುದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಅಭಿಪ್ರಾಯ. ಆ ಮೂರ್ಛೆಯು ಈ ಹವ್ಯಾಸದಲ್ಲಿ ವಿದ್ಯೆಯ ವೇಷವನ್ನು ಧರಿಸಿ ಬರುತ್ತದೆ. ಮೀಸೆಗೆ ಅಂಟಿದ ಬೆಣ್ಣೆಯನ್ನು ಕೂಡಿಸಿ ಕೂಡಿಸಿ ಕೊನೆಗೆ ಗುಡಿಸಲಿನೊಡನೆ ಸುಟ್ಟುಹೋದ ಶ್ಮಶ್ರುನವನೀತನ ಕಥೆ ಶ್ರಾವಕಾಚಾರವನ್ನು ಓದಿದವರಿಗೆ ಪರಿಚಿತ. ಸಂಗ್ರಾಹಕನ ‘ಇನ್ನೊಂದೇ ಒಂದು ಹಾಳೆ’ ಎಂಬ ಮಾತು ಆ ಬೆಣ್ಣೆಯ ಹನಿಯಂತೆ. ಸಿಗದ ಹಾಳೆಗಾಗಿ ಹಂಬಲಿಸುವುದೂ, ಇರುವ ಹಾಳೆ ಬಿಸಿಲಿಗೆ ಮಾಸಿತೆಂದು ಕೊರಗುವುದೂ ಆರ್ತಧ್ಯಾನವೇ.

ಇದಕ್ಕಿಂತ ಕಠಿನವಾದುದು ಇನ್ನೊಂದಿದೆ. ಆಡುಬಾನನು ಚಿತ್ರಿಸಿದ ಪಕ್ಷಿಗಳಲ್ಲಿ ವಲಸೆಯ ಪಾರಿವಾಳವೂ ಕೆರೊಲಿನಾ ಗಿಳಿಯೂ ಸೇರಿವೆ. ಮೊದಲನೆಯದರ ಕೊನೆಯ ಪಕ್ಷಿ 1914ರಲ್ಲಿ, ಎರಡನೆಯದರ ಕೊನೆಯ ಪಕ್ಷಿ 1918ರಲ್ಲಿ, ಎರಡೂ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತವು. ಪಕ್ಷಿ ಹೋಯಿತು, ಹಾಳೆ ಉಳಿಯಿತು. ಹಾಳೆಗಳೂ ಬೆಂಕಿಗೆ, ನೀರಿಗೆ, ಹುಳಕ್ಕೆ ಈಡಾಗಿ ಕಡಿಮೆಯಾದಷ್ಟೂ ಉಳಿದವುಗಳ ಬೆಲೆ ಏರುತ್ತದೆ. ‘ಇಂಥದು ಬೇರೆಯವರಲ್ಲಿಲ್ಲ’ ಎಂದು ಹಿಗ್ಗುವವನು, ತಿಳಿದೋ ತಿಳಿಯದೆಯೋ, ಉಳಿದವೆಲ್ಲ ನಾಶವಾದುದಕ್ಕೆ ಹಿಗ್ಗುತ್ತಾನೆ. ಇದು ಪರಿಗ್ರಹಾನಂದವೆಂಬ ರೌದ್ರಧ್ಯಾನ. ಗುಂಡು ಹಾರಿಸಿದವನ ಪಾಪ ಅಂಟದಿದ್ದವನಿಗೆ ಅನುಮೋದನೆಯ ದೋಷವು ಈ ಹಿಂಬಾಗಿಲಿನಿಂದ ಒಳಬರುತ್ತದೆ.

ಪರಿಗ್ರಹದಿಂದ ಹೊಸ ಹಿಂಸೆಯೂ ಹುಟ್ಟುತ್ತದೆ. ಕಾಗದಕ್ಕೆ ಹುಳ ಬೀಳುತ್ತದೆ, ಸಂಗ್ರಾಹಕನು ಔಷಧ ಸಿಂಪಡಿಸುತ್ತಾನೆ. ದಿಗಂಬರ ಮುನಿಗಳು ನವಿಲು ತಾನಾಗಿ ಉದುರಿಸಿದ ಗರಿಗಳ ಪಿಂಛಿಯನ್ನು ಹಿಡಿದು ಸೂಕ್ಷ್ಮ ಕ್ರಿಮಿಗಳನ್ನು ರಕ್ಷಿಸುತ್ತಾರೆ. ಇವನು ಪಕ್ಷಿಯ ಚಿತ್ರವನ್ನು ರಕ್ಷಿಸಲು ಕ್ರಿಮಿಗಳನ್ನು ಕೊಲ್ಲುತ್ತಾನೆ. ಇನ್ನು ವ್ಯಾಪಾರದಲ್ಲಿ, ಬಣ್ಣವಿಲ್ಲದ ಹಾಳೆಗೆ ಈಚೆಗೆ ಬಣ್ಣ ತುಂಬಿ ಹಳೆಯ ಬಣ್ಣವೆಂದು ಮಾರುವುದೂ, ನಕಲನ್ನು ಅಸಲೆಂದು ದಾಟಿಸುವುದೂ ಇವೆ. ಆಚಾರ್ಯರು ಅಚೌರ್ಯವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನು ಹೇಳಿರುವುದು ಇಂಥದಕ್ಕೇ.

ಇಲ್ಲಿ ಒಂದು ಆಕ್ಷೇಪ ಬರಬಹುದು. ನಮ್ಮ ಬಸದಿಗಳಲ್ಲಿಯೂ ಪ್ರಾಚೀನ ತಾಳೆಗರಿಗಳನ್ನು ಜೋಪಾನಮಾಡಿಲ್ಲವೇ? ಅದು ಧರ್ಮವಾದರೆ ಇದು ಹೇಗೆ ದೋಷ? ಉತ್ತರವನ್ನು ಮೂಡಬಿದಿರೆಯ ಇತಿಹಾಸವೇ ಕೊಡುತ್ತದೆ. ಅಲ್ಲಿಯ ಸಿದ್ಧಾಂತ ಬಸದಿಯಲ್ಲಿದ್ದ ಧವಳಾದಿ ಗ್ರಂಥಗಳು ಬಹುಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು. 19ನೆಯ ಶತಮಾನದ ಕೊನೆಯಲ್ಲಿ ಪ್ರತಿಮಾಡುವ ಕೆಲಸ ಮೊದಲಾಗಿ, 1939ರಲ್ಲಿ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಳೆಯ ಮೊದಲ ಸಂಪುಟ ಅಚ್ಚಾಯಿತು. ಆಗ ಸಮಾಜಕ್ಕಾದುದು ನಷ್ಟವಲ್ಲ, ಹಬ್ಬ. ಜ್ಞಾನೋಪಕರಣದ ಲಕ್ಷಣವೇ ಇದು: ಇನ್ನೊಬ್ಬನಿಗೆ ದೊರೆತರೆ ಸಂತೋಷ ಹೆಚ್ಚುತ್ತದೆ. ಪರಿಗ್ರಹದ ಲಕ್ಷಣ ಇದಕ್ಕೆ ವಿರುದ್ಧ: ಇನ್ನೊಬ್ಬನಿಗೆ ದೊರೆತರೆ ಸಂತೋಷ ಕುಗ್ಗುತ್ತದೆ. ಆಡುಬಾನನ 435 ಚಿತ್ರಗಳನ್ನೂ ಇಂದು ಯಾರು ಬೇಕಾದರೂ ಅಂತರ್ಜಾಲದಲ್ಲಿ ಬೆಲೆಯಿಲ್ಲದೆ ನೋಡಬಹುದು. ಕಣ್ಣಿನ ಸಂತೋಷಕ್ಕೆ ಬೆಲೆಯಿಲ್ಲವಾದ ಮೇಲೆ, ಹಣ ಕೊಟ್ಟು ಕೊಳ್ಳುವುದರಲ್ಲಿ ‘ನನ್ನದು’ ಎಂಬುದರ ಪಾಲು ಎಷ್ಟು ಎಂಬುದನ್ನು ಕೊಳ್ಳುವವನೇ ತೂಗಿಕೊಳ್ಳಬೇಕು.

ಗೃಹಸ್ಥನು ಮುನಿಯಲ್ಲ; ಅವನಿಗೆ ಸೌಂದರ್ಯವು ನಿಷಿದ್ಧವಲ್ಲ. ಆದುದರಿಂದ ಈ ಹವ್ಯಾಸವುಳ್ಳವನು ಅದನ್ನು ಒಮ್ಮೆಗೇ ಬಿಡಬೇಕೆಂದು ಹೇಳುವುದು ಉಚಿತವಲ್ಲ. ಪರಿಮಾಣದ ಪಟ್ಟಿಯಲ್ಲಿ ಹೊಲಮನೆಗಳ ಕೆಳಗೆ ಚಿತ್ರಗಳ ಸಂಖ್ಯೆಯನ್ನೂ ಬರೆಯಲಿ. ಆ ಸಂಖ್ಯೆ ಮುಟ್ಟಿದ ಬಳಿಕ ಒಂದು ಹೊಸದು ಬಂದರೆ ಒಂದು ಹಳೆಯದು ಗ್ರಂಥಾಲಯಕ್ಕೋ ಶಾಲೆಗೋ ಹೋಗಲಿ. ಅಷ್ಟಮಿ, ಚತುರ್ದಶಿಗಳ ಪ್ರೋಷಧೋಪವಾಸದಲ್ಲಿ ಅನ್ನದೊಡನೆ ಆ ಪೆಟ್ಟಿಗೆಯ ಬೀಗದ ಕೈಯನ್ನೂ ತ್ಯಜಿಸಲಿ. ಒಂದು ದಿನ ನೋಡದಿದ್ದರೆ ಮನಸ್ಸು ಎಷ್ಟು ಚಡಪಡಿಸುತ್ತದೆಂಬುದರಿಂದ ಮೂರ್ಛೆಯ ಆಳವು ತಾನಾಗಿಯೇ ತಿಳಿಯುತ್ತದೆ. ದಶಲಕ್ಷಣ ಪರ್ವದಲ್ಲಿ ತ್ಯಾಗದ ಮರುದಿನವೇ ಆಕಿಂಚನ್ಯವು ಬರುತ್ತದೆ. ಎಂಟನೆಯ ದಿನ ಒಂದು ಹಾಳೆಯನ್ನು ಸಂತೋಷದಿಂದ ಕೊಟ್ಟವನಿಗೆ, ಉಳಿದವೂ ತನ್ನವಲ್ಲವೆಂಬ ಒಂಬತ್ತನೆಯ ದಿನದ ಪಾಠವು ಸುಲಭವಾದೀತು.