ಪೀಪಾಯಿಯ ನಾದ ಯಾರ ಸ್ವತ್ತು?

ಎಲ್ಲರಿಗೂ ಸೇರಿದ್ದು ಯಾರೊಬ್ಬರದೂ ಅಲ್ಲ ಎಂಬ ಮಾತನ್ನು ನಾನು ಬಹುಕಾಲ ಔದಾರ್ಯದ ಮಾತೆಂದೇ ತಿಳಿದಿದ್ದೆ. ಅದು ಜಿಪುಣನ ಮಾತೂ ಆಗಬಹುದೆಂದು ನನಗೆ ತೋರಿಸಿಕೊಟ್ಟದ್ದು ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪದ ಒಂದು ವಾದ್ಯ.

ಸ್ಟೀಲ್‌ಪ್ಯಾನ್ ಎಂದು ಅದರ ಹೆಸರು. ೧೮೮೦ರ ದಶಕದಲ್ಲಿ ಬ್ರಿಟಿಷ್ ಸರ್ಕಾರ ಅಲ್ಲಿಯ ಬಡ ಕರಿಯರ ಚರ್ಮವಾದ್ಯಗಳಿಗೆ ನಿರ್ಬಂಧ ಹಾಕಿತು. ಜನ ಬಿದಿರಿನ ಬೊಂಬುಗಳನ್ನು ನೆಲಕ್ಕೆ ಕುಟ್ಟಿ ತಾಳ ಹಿಡಿದರು. ೧೯೩೦ರ ದಶಕದಲ್ಲಿ ತಗಡಿನ ಡಬ್ಬಗಳು ಬಂದವು. ಆಮೇಲೆ ಎಣ್ಣೆಯ ಖಾಲಿ ಪೀಪಾಯಿ. ಅದರ ಮುಖವನ್ನು ಬಾಣಲೆಯಂತೆ ಬಡಿದು ತಗ್ಗಿಸಿ, ಒಂದೊಂದು ಸ್ವರಕ್ಕೆ ಒಂದೊಂದು ಭಾಗ ಮಾಡಿ, ಬೆಂಕಿಯಲ್ಲಿ ಕಾಯಿಸಿ, ಸುತ್ತಿಗೆಯಿಂದ ಶ್ರುತಿ ಕೂಡಿಸಬೇಕು. ಪೋರ್ಟ್ ಆಫ್ ಸ್ಪೇನ್ ಪಟ್ಟಣದ ಒಂದು ಕೇರಿಯ ಹುಡುಗ ಕಂಡುಕೊಂಡದ್ದನ್ನು ಇನ್ನೊಂದು ಕೇರಿಯವನು ನೋಡಿ ಕಲಿತ. ವಿನ್‌ಸ್ಟನ್ ಸೈಮನ್, ಎಲ್ಲಿ ಮ್ಯಾನೆಟ್ ಮುಂತಾದ ಕೆಲವರ ಹೆಸರು ಉಳಿದಿದೆ, ಉಳಿದವರದು ಅಳಿಸಿಹೋಗಿದೆ. ಅಂದು ಮರ್ಯಾದಸ್ಥರ ಕಣ್ಣಿಗೆ ಅವರೆಲ್ಲ ಪುಂಡರು. ೧೯೯೨ರಲ್ಲಿ ಅದೇ ಪೀಪಾಯಿ ರಾಷ್ಟ್ರವಾದ್ಯವಾಯಿತು!

ಆ ದೇಶದಲ್ಲಿ ೧೯೯೬ರ ಔದ್ಯೋಗಿಕ ವಿನ್ಯಾಸಗಳ ಕಾಯಿದೆ ಉಂಟು. ವಸ್ತುವಿನ ಆಕಾರ, ರೇಖೆ, ಬಣ್ಣಗಳ ಹೊಸ ರೂಪವನ್ನು ನೋಂದಾಯಿಸಿದವನಿಗೆ ಐದು ವರ್ಷ, ಎರಡು ಬಾರಿ ನವೀಕರಿಸಿದರೆ ಒಟ್ಟು ಹದಿನೈದು ವರ್ಷ ರಕ್ಷಣೆ. ಪ್ಯಾನನ್ನು ಈ ಕಾಯಿದೆಯ ಮುಂದೆ ಇಟ್ಟು ನೋಡಿ. ಅದು ಹೊಸದಲ್ಲ, ಲೋಕವೆಲ್ಲ ಕಂಡದ್ದು. ಅದರ ತಗ್ಗು ಅಲಂಕಾರವೂ ಅಲ್ಲ; ನಾದಕ್ಕಾಗಿಯೇ ಇರುವುದು. ಕೇವಲ ಕೆಲಸಕ್ಕಾಗಿ ಒದಗಿದ ರೂಪವನ್ನು ವಿನ್ಯಾಸದ ಕಾಯಿದೆ ಕಾಯುವುದಿಲ್ಲ. ಹೀಗೆ ಎರಡು ಬಾಗಿಲೂ ಮುಚ್ಚಿದವು. ಇತ್ತ ೨೦೦೧ರಲ್ಲಿ, ಯಂತ್ರದಿಂದ ಪ್ಯಾನ್ ತಯಾರಿಸುವ ಒಂದು ವಿಧಾನಕ್ಕೆ ಅಮೆರಿಕದಲ್ಲಿ ಇಬ್ಬರಿಗೆ ಪೇಟೆಂಟ್ ದೊರೆಯಿತು. ಟ್ರಿನಿಡಾಡಿನಲ್ಲಿ ಕೂಗೆದ್ದಿತು. ಪೇಟೆಂಟ್ ಸಿಕ್ಕಿದ್ದು ವಿಧಾನಕ್ಕೆ, ವಾದ್ಯಕ್ಕಲ್ಲ ಎಂಬುದು ನಿಜ. ಆದರೆ ಆ ಜನರ ನೋವೂ ಸುಳ್ಳಲ್ಲ.

ಹಾಗೆಂದು ಕಾಯಿದೆಯನ್ನು ಬೈಯಲು ನನಗೆ ಮನಸ್ಸಾಗದು. ಮೊದಲ ಹುಡುಗನೇ ಹಕ್ಕು ಪಡೆದು ಬೇಲಿ ಹಾಕಿದ್ದರೆ ಪಕ್ಕದ ಕೇರಿಯವನು ಸುತ್ತಿಗೆ ಕೆಳಗಿಡಬೇಕಾಗಿತ್ತು. ಕಡ ಕೊಟ್ಟು, ಕಡ ತಂದು ಬೆಳೆದ ವಾದ್ಯ ಬೇಲಿಯೊಳಗೆ ಬೆಳೆಯುತ್ತಿರಲಿಲ್ಲ. ಹದಿನೈದು ವರ್ಷದ ಮಿತಿಯಲ್ಲಿಯೂ ಒಂದು ವಿವೇಕ ಉಂಟು: ಯಾವನೂ ಬರಿಗೈಯಿಂದ ಏನನ್ನೂ ನಿರ್ಮಿಸುವುದಿಲ್ಲ, ಕೊನೆಗೊಮ್ಮೆ ಅದನ್ನು ಎಲ್ಲರಿಗೆ ಹಿಂದಿರುಗಿಸಬೇಕು.

ತಪ್ಪು ನಮ್ಮದು. ನಕಲು ಮಾಡುವವನನ್ನು ಯಾರು ತಡೆಯಬಹುದು ಎಂಬುದಕ್ಕೆ ಕಾಯಿದೆ ಉತ್ತರ ಕೊಡುತ್ತದೆ. ನಾವು ಯಾರ ಋಣದಲ್ಲಿದ್ದೇವೆ ಎಂಬುದು ಬೇರೆ ಪ್ರಶ್ನೆ. ಹಕ್ಕಿಲ್ಲದ ಕಡೆ ಋಣವೂ ಇಲ್ಲವೆಂದು ನಾವು ಎಣಿಸುತ್ತೇವೆ. ಕೈಕೆಲಸದವನೊಡನೆ ಚೌಕಾಸಿ ಮಾಡುವಾಗ, "ಇದೇನು ಇವನ ಸ್ವಂತ ಕಲ್ಪನೆಯೇ? ತಲತಲಾಂತರದಿಂದ ಬಂದದ್ದಲ್ಲವೇ?" ಎಂದು ನಾನೂ ಮನಸ್ಸಿನಲ್ಲಿ ಅಂದುಕೊಂಡದ್ದುಂಟು. ಆ ಲೆಕ್ಕದಲ್ಲಿ ಪರಂಪರೆಯ ಲಾಭವೆಲ್ಲ ನನಗೆ, ನಷ್ಟವೆಲ್ಲ ಅವನಿಗೆ.

೨೦೨೪ರ ಆಗಸ್ಟಿನಲ್ಲಿ ಟ್ರಿನಿಡಾಡಿನ ಸರ್ಕಾರ, ರಾಷ್ಟ್ರಲಾಂಛನದಿಂದ ಕೊಲಂಬಸನ ಮೂರು ಹಡಗುಗಳನ್ನು ತೆಗೆದು ಪ್ಯಾನನ್ನು ಇಡುವುದಾಗಿ ಸಾರಿತು. ಗೌರವ ಒಪ್ಪುವಂಥದೇ. ಆದರೆ ಸುತ್ತಿಗೆ ಹಿಡಿದು ಶ್ರುತಿ ಕೂಡಿಸುವವನ ಹೊಟ್ಟೆ ಲಾಂಛನದಿಂದ ತುಂಬದು. ಅವನ ಕೂಲಿಯನ್ನು ಗೊಣಗದೆ ಕೊಡಬೇಕು. ಯಾರಿಂದ ಕಲಿತೆಯಪ್ಪಾ ಎಂದು ಒಮ್ಮೆ ಕೇಳಬೇಕು. ಇಷ್ಟು ಮಾಡಲು ಯಾವ ಕಾಯಿದೆಯೂ ಬೇಕಾಗಿಲ್ಲ.