ಸಂಗ್ರಹದ ನೀರು ಮತ್ತು ಶ್ರಾವಕನ ಯತ್ನಾಚಾರ

ಒಂದೇ ಸರಕಾರದ ಎರಡು ಉಪದೇಶಗಳು ಪರಸ್ಪರ ವಿರುದ್ಧವಾಗಿ ನಿಂತಾಗ ಗೃಹಸ್ಥನು ಯಾವುದನ್ನು ಪಾಲಿಸಬೇಕು? ಹುಬ್ಬಳ್ಳಿ-ಧಾರವಾಡದ ಶ್ರಾವಕ-ಶ್ರಾವಿಕೆಯರಿಗೆ ಇದು ಕೇವಲ ತರ್ಕದ ವಿಷಯವಲ್ಲ. ಮನೆಯ ಹಂಡೆ-ಕೊಡಗಳಲ್ಲಿ ದಿನವೂ ಎದುರಾಗುವ ಪ್ರಶ್ನೆ.

2023ರಲ್ಲಿ ಮಳೆಯಿಲ್ಲದೆ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಹನಿ ನೀರನ್ನೂ ವ್ಯರ್ಥಗೊಳಿಸಬಾರದೆಂಬುದು ಬರಗಾಲದ ಉಪದೇಶ. ಮರುವರ್ಷ ಡೆಂಗೀ ಜ್ವರವು ಹಬ್ಬಿತು. 2024ರ ಸೆಪ್ಟೆಂಬರಿನಲ್ಲಿ ಸರಕಾರವು ಅದನ್ನು ಸಾಂಕ್ರಾಮಿಕವೆಂದು ಸಾರಿತು. ಆ ರೋಗಕ್ಕೆ ಆರೋಗ್ಯ ಇಲಾಖೆಯ ಉಪದೇಶವೆಂದರೆ, ವಾರಕ್ಕೊಮ್ಮೆ ಎಲ್ಲ ಸಂಗ್ರಹವನ್ನೂ ಬರಿದುಮಾಡಿ, ಪಾತ್ರೆಗಳನ್ನು ತಿಕ್ಕಿ ಒಣಗಿಸಬೇಕು.

ಈ ಎರಡನೆಯ ಮಾತು ನಿರಾಧಾರವಲ್ಲ. ಡೆಂಗೀಯನ್ನು ಹರಡುವ ಈಡಿಸ್ ಸೊಳ್ಳೆಯು ಮನೆಯ ತಿಳಿನೀರಿನಲ್ಲಿಯೇ ಬೆಳೆಯುತ್ತದೆ. ನೀರಿನ ಅಂಚಿನಲ್ಲಿ, ಪಾತ್ರೆಯ ಒಳಮೈಗೆ ಅದು ಅಂಟಿಸಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಉಳಿಯಬಲ್ಲವು. ನೀರು ತಾಗಿ ಒಡೆದ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಸಾಕು. ಆದರೆ ಈ ಉಪದೇಶವು ದಿನವೂ ನಲ್ಲಿ ಬರುವ ಮನೆಯನ್ನು ಕಲ್ಪಿಸಿಕೊಂಡಿದೆ. ಮಲಪ್ರಭೆಯನ್ನೂ ನೀರಸಾಗರವನ್ನೂ ನೆಚ್ಚಿದ ನಮ್ಮ ಅವಳಿ ನಗರದ ಕೆಲವು ವಾರ್ಡುಗಳಿಗೆ 2008ರಲ್ಲಿ ದಿನವಿಡೀ ನೀರು ಬಂದಿತಾದರೂ, ಉಳಿದ ಅನೇಕ ಬಡಾವಣೆಗಳು ಅನಂತರವೂ ವಾರಗಟ್ಟಲೆ ಕಾದವು. ಅಂಥ ಮನೆಯಲ್ಲಿ ಬರಿದುಮಾಡುವುದೆಂದರೆ ನಾಳೆಯ ನೀರನ್ನು ಇಂದೇ ಚೆಲ್ಲುವುದು.

ಶಾಸ್ತ್ರದೃಷ್ಟಿಯಿಂದ ನೋಡಿದರೆ ತೊಡಕು ಇನ್ನೂ ಆಳವಾಗಿದೆ. ನಿಷ್ಪ್ರಯೋಜನವಾಗಿ ನೀರು ಚೆಲ್ಲುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯೆಂಬ ಅನರ್ಥದಂಡದಲ್ಲಿ ಸೇರಿಸಿದ್ದಾರೆ. ನೀರಿನಲ್ಲಿ ಮಿಸುಕುವ ಮರಿಗಳಾದರೋ ತ್ರಸಜೀವಿಗಳು. ಸಂಕಲ್ಪಪೂರ್ವಕವಾದ ತ್ರಸಹಿಂಸೆಯನ್ನು ಅಣುವ್ರತಿಯು ತ್ಯಜಿಸಿದ್ದಾನೆ. ಹಾಗೆಂದು ಸುಮ್ಮನಿದ್ದರೆ ತನ್ನ ಮಗುವಿಗೂ ನೆರೆಮನೆಯ ಮಗುವಿಗೂ ಜ್ವರ. ಚೆಲ್ಲಿದರೂ ದೋಷ, ಇಟ್ಟರೂ ದೋಷ.

ಪ್ರಮತ್ತಯೋಗದಿಂದ ಪ್ರಾಣಹರಣವಾಗುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ಹೇಳುತ್ತದೆ. ಈ ಲಕ್ಷಣವೇ ನಮಗೆ ದಾರಿದೀಪ. ಮರಿಗಳನ್ನು ಚೆಲ್ಲುವ ಗಳಿಗೆಯಲ್ಲಿ ದೋಷವು ಹುಟ್ಟುವುದಿಲ್ಲ. ಅವು ಹುಟ್ಟಲು ಎಡೆಗೊಟ್ಟ ವಾರದ ಅಲಕ್ಷ್ಯದಲ್ಲಿಯೇ ಅದು ಹುಟ್ಟಿರುತ್ತದೆ. ಆದ್ದರಿಂದ ಜೀವಿಗಳು ಹುಟ್ಟಿದ ಮೇಲೆ ಏನು ಮಾಡಬೇಕೆಂಬುದಕ್ಕಿಂತ, ಹುಟ್ಟದಂತೆ ಹೇಗೆ ನಡೆಯಬೇಕೆಂಬುದೇ ವ್ರತಿಯ ಮೊದಲ ಪ್ರಶ್ನೆಯಾಗಬೇಕು.

ನೀರನ್ನು ಸೋಸುವುದು ನಮ್ಮ ಕುಲಾಚಾರ. ಆದರೆ ಪಾತ್ರೆಗೆ ಅಂಟಿದ ಮೊಟ್ಟೆಗಳನ್ನು ಸೋಸುವಿಕೆಯು ಬಿಡಿಸಲಾರದೆಂಬುದನ್ನು ಒಪ್ಪಿಕೊಳ್ಳಬೇಕು. ಸೋಸಿ ತುಂಬಿದೊಡನೆ ಮಡಿಸಿದ ದಪ್ಪ ಬಟ್ಟೆಯನ್ನು ಬಾಯಿಗೆ ಸಂದಿಲ್ಲದಂತೆ ಬಿಗಿದರೆ ಸೊಳ್ಳೆಗೆ ಒಳದಾರಿಯಿಲ್ಲ. ಹೊಸ ನೀರು ಬಂತೆಂದು ಹಳೆಯದನ್ನು ಚೆಲ್ಲದೆ, ನೆಲ ಒರೆಸಲು, ಶೌಚಕ್ಕೆ, ಗಿಡಗಳಿಗೆ ಬಳಸಿಯೇ ಪಾತ್ರೆಯನ್ನು ಬರಿದುಮಾಡಬೇಕು. ಬರಿದಾದೊಡನೆ ತಿಕ್ಕಿ ತೊಳೆಯಬೇಕು. ಹೀಗೆ ನಡೆದರೆ ಎರಡು ಉಪದೇಶಗಳೂ ಒಂದಾಗುತ್ತವೆ. ಇಷ್ಟಾಗಿಯೂ ಮರಿಗಳು ಕಂಡರೆ ಆ ನೀರನ್ನು ತೆಗೆಯಲೇಬೇಕು. ಅದು ನಿರ್ದೋಷವೆಂದು ಸಮಾಧಾನಪಟ್ಟುಕೊಳ್ಳದೆ, ಗೃಹಸ್ಥಜೀವನದ ಹಿಂಸೆಯೆಂದು ಒಪ್ಪಿ ಪ್ರತಿಕ್ರಮಣ ಮಾಡುವುದು ಯೋಗ್ಯ.

ಇದಕ್ಕೆ ಕಾಲವನ್ನು ನಮ್ಮ ಪರ್ವಗಳೇ ಕೊಡುತ್ತವೆ. ಅಷ್ಟಮಿ, ಚತುರ್ದಶಿಗಳಂದು ಪ್ರೋಷಧೋಪವಾಸಿಯು ಆರಂಭವನ್ನು ಬಿಡುವನಾದ್ದರಿಂದ, ಏಕಭುಕ್ತದ ಸಪ್ತಮಿ, ತ್ರಯೋದಶಿಗಳಂದೇ ಪಾತ್ರೆಗಳನ್ನು ನೋಡಿ ಶುದ್ಧಗೊಳಿಸಲಿ. ತ್ರಯೋದಶಿಯಿಂದ ಸಪ್ತಮಿಗೆ ಸುಮಾರು ಒಂಬತ್ತು ದಿನಗಳಾಗುವುದರಿಂದ ನಡುವೆ ಮತ್ತೊಮ್ಮೆ ನೋಡಲಿ. ಹಂಡೆಯನ್ನು ಮರೆತು ಕೈಗೊಂಡ ಉಪವಾಸವು ಹೊಟ್ಟೆಯನ್ನಷ್ಟೇ ಬರಿದುಮಾಡೀತು, ಪ್ರಮಾದವನ್ನಲ್ಲ.